ಏಳು ದಿನದ ಗಂಟು

ಬೆಳಿಗ್ಗೆ ಹನ್ನೊಂದೂಕಾಲಿಗೆ ಬೊಮ್ಮಕ್ಕನ ಎದುರಿನ ಪರದೆಯಲ್ಲಿ ಅವಳ ಮನೆಯದೇ ನಂಬರು ಬಂದು ಕೂತಿತು. ನಾಲ್ಕು ಸಾವಿರದ ನಾನೂರ ಹದಿನೇಳು. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಕನ್ನಡಕ ಒರೆಸಿದರೆ ನಂಬರು ಬದಲಾಗುತ್ತದೆಯೇ? ಅದು ಅಲ್ಲೇ ಇತ್ತು. ಪಕ್ಕದಲ್ಲಿ ಕೆಂಪಕ್ಷರ: ಸರದಿಯಲ್ಲದ ದಿನ, ಅರವತ್ತು ಲೀಟರು.

ಕೆಂಚನಗುಡ್ಡದ ನೀರು ಮಂಡಳಿಯ ಕಂಟ್ರೋಲ್ ರೂಮು ಅಂದರೆ ಭಾರೀ ಏನೋ ಎಂದುಕೊಳ್ಳಬೇಡಿ. ಒಂದು ತಗಡಿನ ಸೂರು, ಗಡಗಡ ಅನ್ನುವ ಫ್ಯಾನು, ಎರಡು ಪರದೆ, ಬೊಮ್ಮಕ್ಕ. ಊರಿಗೆ ಐದು ದಿನಕ್ಕೊಮ್ಮೆ ಒಂದು ಗಂಟೆ ನೀರು. ಯಾವ ಬೀದಿಗೆ ಯಾವಾಗ ಬಿಡಬೇಕು ಎನ್ನುವುದು ಅವಳ ಕೈಯಲ್ಲಿತ್ತು. ಪ್ರತಿ ಮನೆಯ ವಾಲ್ವಿನಲ್ಲೂ ಹುಣಸೆಬೀಜದಷ್ಟು ಗಾತ್ರದ ಒಂದು ಯಂತ್ರ ಕೂತು, ಹನಿ ಹನಿಯನ್ನೂ ಅವಳಿಗೆ ವರದಿ ಮಾಡುತ್ತಿತ್ತು. ಸರದಿ ಮುರಿದವರ ಪಟ್ಟಿ ಮಧ್ಯಾಹ್ನ ಹನ್ನೆರಡಕ್ಕೆ ತಾನಾಗಿ ಒಂದು ಕಡೆಗೆ ಹೋಗುತ್ತಿತ್ತು. ಎಲ್ಲಿಗೆ ಎನ್ನುವುದು ಮಂಡಳಿಗೆ ಗೊತ್ತಿರಲಿಲ್ಲ. ಬೊಮ್ಮಕ್ಕನಿಗೆ ಗೊತ್ತಿತ್ತು, ಏಕೆಂದರೆ ಆ ದಾರಿ ಮಾಡಿಕೊಟ್ಟವಳು ಅವಳೇ.

ಪಟ್ಟಿ ಹೋಗುತ್ತಿದ್ದದ್ದು ನೀರಗಂಟಿಗೆ.

ಮೂರು ವರ್ಷದ ಹಿಂದೆ ಊರಿನ ಗತಿ ಹೇಗಿತ್ತು ಎಂದು ಕೊನೆ ಬೀದಿಯವರನ್ನು ಕೇಳಿ. ಮೇಲಿನ ಬೀದಿಯ ದೊಡ್ಡ ಮನೆಗಳು ಪೈಪಿಗೇ ಮೋಟರು ಹಚ್ಚಿ ಹೀರುತ್ತಿದ್ದವು, ಕೊನೆ ಬೀದಿಯ ನಲ್ಲಿಯಲ್ಲಿ ಬುಸ್ ಎಂದು ಗಾಳಿ ಬರುತ್ತಿತ್ತು. ದೂರು ಕೊಟ್ಟರೆ ಮಂಡಳಿ ನೋಡೋಣ ಅನ್ನುತ್ತಿತ್ತು. ನೋಡುತ್ತ ನೋಡುತ್ತ ಎಷ್ಟೋ ಬೇಸಿಗೆ ಕಳೆದವು. ಆಮೇಲೆ ಒಂದು ದಿನ ನಡುಮಧ್ಯಾಹ್ನ ಉಕ್ಕಿನ ಅಂಗಿ ತೊಟ್ಟ ಒಬ್ಬ ಕಲ್ಯಾಣ ಮಂಟಪದ ಯಜಮಾನನ ಅಂಗಳಕ್ಕೆ ನುಗ್ಗಿ, ನಾಲ್ಕು ಮೋಟರುಗಳನ್ನು ಕೈಯಲ್ಲೇ ಹಿಂಡಿ, ವಾಲ್ವಿಗೆ ಒಂದು ಲೋಹದ ಪಟ್ಟಿ ಸುತ್ತಿ ಹೋದ. ಏಳು ದಿನ ಆ ಮನೆಗೆ ತೊಟ್ಟು ನೀರಿಲ್ಲ. ಆ ವಾರ ಕೊನೆ ಬೀದಿಯಲ್ಲಿ ಕೊಡ ತುಂಬಿತು. ಹೆಂಗಸರು ನಲ್ಲಿಗೆ ಕುಂಕುಮ ಹಚ್ಚಿದರು. ಹೆಸರು ಗೊತ್ತಿಲ್ಲದವನಿಗೆ ನೀರಗಂಟಿ ಎಂದು ಹೆಸರಿಟ್ಟರು.

ಅವನು ಬೊಮ್ಮಕ್ಕನ ಸ್ವಂತ ಅಣ್ಣ ಪಾಲಯ್ಯ.

ಅಂಗಿ ಮಂಡಳಿಯದೇ, ತುಕ್ಕು ಹಿಡಿದ ದೊಡ್ಡ ವಾಲ್ವು ತಿರುಗಿಸಲು ತರಿಸಿ ಮೂಲೆಗೆ ಎಸೆದದ್ದು. ತೊಟ್ಟವನ ಸ್ನಾಯುವಿನ ಮಿಡಿತ ಓದಿ, ಅವನ ಒಂದು ತಿರುವಿಗೆ ಹನ್ನೆರಡು ಆಳಿನ ಬಲ ಸೇರಿಸುತ್ತಿತ್ತು. ವಾಲ್ವಿಗೆ ಸುತ್ತುವ ಪಟ್ಟಿ ನೆನಪಿನ ಲೋಹದ್ದು. ಬಿಸಿ ಮುಟ್ಟಿಸಿದರೆ ತನಗೆ ಕಲಿಸಿದ ಗಂಟಿನ ಆಕಾರಕ್ಕೆ ತಾನೇ ಬಿಗಿದುಕೊಳ್ಳುವುದು, ಒಳಗಿನ ಗಡಿಯಾರ ಏಳು ದಿನ ಎಣಿಸಿದ ಮೇಲೆ ತಾನೇ ಸಡಿಲುವುದು. ಅದಕ್ಕೆ ಬೀಗದ ಕೈ ಇಲ್ಲ. ಕೈ ಇದ್ದರೆ ಯಾರಾದರೂ ಬಂದು ಅಳುತ್ತಾರೆ, ಅತ್ತರೆ ಕೊಡಬೇಕಾಗುತ್ತದೆ ಎಂದು ಪಾಲಯ್ಯ ಅದನ್ನು ಮಾಡಿಸಲೇ ಇಲ್ಲ. ಮುರಿಯಬಹುದಿತ್ತು, ಆದರೆ ಮುರಿಯುವ ಬಲ ಊರಿನಲ್ಲಿ ಆ ಅಂಗಿಗೆ ಮಾತ್ರ.

ಹೆಲ್ಮೆಟ್ಟಿನದು ಇನ್ನೂ ವಿಚಿತ್ರ. ಅದನ್ನು ಹಾಕಿಕೊಂಡರೆ ಎದುರಿನ ಮುಖಗಳೆಲ್ಲ ಬೂದುಬಣ್ಣದ ಉಂಡೆ, ಮನೆಗಳೆಲ್ಲ ಬರೀ ಗೆರೆ, ಯಾರು ಕೂಗಿದರೂ ಒಂದೇ ಸಪ್ಪೆ ದನಿ. ಎಡಕ್ಕೆ, ಬಲಕ್ಕೆ, ಇಲ್ಲೇ ಎಂದು ಅದು ಹೇಳಿದ ಕಡೆ ನಡೆಯಬೇಕು, ಗಂಟು ಹಾಕಬೇಕು, ಮರಳಬೇಕು. ಯಾರ ಮನೆ ಎಂದು ಪಾಲಯ್ಯ ಆಮೇಲೂ ಕೇಳುತ್ತಿರಲಿಲ್ಲ.

"ಮುಖ ಕಂಡ್ರೆ ಮನಸ್ಸು ಕರಗುತ್ತೆ ಬೊಮ್ಮಿ. ಕಾಣ್ಲೇಬಾರ್ದು," ಎಂದಿದ್ದ.

ಇದೆಲ್ಲ ಅಪ್ಪನಿಂದ ಬಂದದ್ದು. ಅಪ್ಪ ಬೋರಯ್ಯ ಹಳ್ಳಿಯ ಕೆರೆಯ ನಿಜವಾದ ನೀರಗಂಟಿ, ತೂಬು ತೆಗೆದು ಸರದಿಯಂತೆ ಗದ್ದೆಗಳಿಗೆ ನೀರು ಬಿಡುವವನು. ಊರಿನ ಗದ್ದೆಗಳೆಲ್ಲ ಕುಡಿದ ಮೇಲೇ ತನ್ನ ಗದ್ದೆಗೆ ನೀರು ಎನ್ನುವುದು ಆ ಕೆಲಸದ ಕಟ್ಟಳೆ. ಒಂದು ವರ್ಷ ಕೆರೆ ಮೊದಲೇ ಬತ್ತಿ, ಅವರ ಪೈರು ಒಂದೇ ಒಣಗಿ ನಿಂತಿತು. ಹತ್ತು ವರ್ಷದ ಪಾಲಯ್ಯ ಬದುವಿನ ಮೇಲೆ ಕೂತು ಅತ್ತಾಗ ಬೋರಯ್ಯ ಹೇಳಿದನಂತೆ, "ಕನಿಕರ ಅನ್ನೋದು ತೂಬಿನ ಬಿರುಕು ಮಗಾ. ಒಬ್ಬನಿಗೆ ಬಿಟ್ರೆ ಕೆರೆನೇ ಸೋರಿ ಹೋಗುತ್ತೆ." ಹುಡುಗ ಆ ಮಾತನ್ನು ನುಂಗಿದ. ಐವತ್ತು ವರ್ಷವಾದರೂ ಅರಗಿಸಿಕೊಳ್ಳಲಿಲ್ಲ, ಕಕ್ಕಲೂ ಇಲ್ಲ. ಮದುವೆಯನ್ನೂ ಮಾಡಿಕೊಳ್ಳದೆ ಗುಡ್ಡದ ಟ್ಯಾಂಕಿನ ಕೆಳಗಿನ ಒಂಟಿ ಕೋಣೆಯಲ್ಲಿ ಕಾವಲುಗಾರನಾಗಿ ಬಿದ್ದಿದ್ದ.

ಬೊಮ್ಮಕ್ಕ ಮನೆಗೆ ಫೋನು ಮಾಡಿದಳು.

"ಅವ್ವಾ, ಇವತ್ತು ನೀರು ಬಿಟ್ಕೊಂಡ್ಯಾ?"

"ಬಿಟ್ಕೊಂಡೆ. ಯಾಕೆ, ಅಲ್ಲಿಗಂಟ ಸದ್ದು ಕೇಳಿಸ್ತಾ?" ಸಿದ್ದಮ್ಮನಿಗೆ ಎಪ್ಪತ್ತಾರು, ನಾಲಿಗೆಗೆ ಮಾತ್ರ ಇಪ್ಪತ್ತು.

"ನಮ್ಮ ಸರದಿ ನಾಡಿದ್ದು ಅಲ್ವೇನವ್ವಾ!"

"ಬಾಣಂತಿಗೆ ಸರದಿ ಏನೇ? ನಿನ್ನ ಮಗಳು ಹೆತ್ತು ಒಂಬತ್ತು ದಿನ ಆತು. ಎಣ್ಣೆ ತಿಕ್ಕಿ ಒಂದು ಹಂಡೆ ಬಿಸಿನೀರು ಹುಯ್ಯದಿದ್ರೆ ನಾಳೆ ಸೊಂಟ ಹಿಡ್ಕಂಡು ಕುಂತ್ಕಂತಾಳೆ. ಆಗ ನಿನ್ನ ಪರದೆ ಬಂದು ಶಾಖ ಕೊಡುತ್ತಾ? ಬೀದಿ ಪೈಪಿನಾಗೆ ಉಳಿದಿರೋ ನೀರು ಅದು. ವಾಲ್ವಿನ ಮೂತಿ ಬಿಚ್ಚಿ ಬಸ್ಕಂಡೆ. ನೀರಗಂಟಿ ಹೆಂಡ್ತಿ ಕಣೇ ನಾನು, ನನಗೆ ನೀರು ತೋರಿಸ್ತೀಯಾ?"

ಹನ್ನೊಂದೂ ಮುಕ್ಕಾಲು. ಅಳಿಸುವ ಗುಂಡಿ ಬೆರಳಿನ ಕೆಳಗೇ ಇತ್ತು. ಒತ್ತಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಬೊಮ್ಮಕ್ಕ ಒತ್ತಲಿಲ್ಲ, ಯಾಕೆ ಅಂದರೆ ಹಾಲಮ್ಮ.

ಹಾಲಮ್ಮ ಕೊನೆ ಬೀದಿಯ ರೊಟ್ಟಿ ಹೆಂಗಸು. ಎರಡು ತಿಂಗಳ ಹಿಂದೆ ಅವಳ ಮನೆಗೆ ಗಂಟು ಬಿದ್ದಿತ್ತು. ಹಾಸಿಗೆ ಹಿಡಿದ ಅಪ್ಪನನ್ನು ತೊಳೆಯಲು ಎರಡು ಕೊಡ ಹೆಚ್ಚಿಗೆ ಹಿಡಿದಿದ್ದಳು. ಗಂಟು ಬಿದ್ದ ಮನೆಗೆ ನೀರು ಕೊಟ್ಟವರಿಗೂ, ಗಂಟಿನ ಪಟ್ಟಿಗೆ ಬಂದ ಮನೆಯಿಂದ ನೀರು ಪಡೆದವರಿಗೂ ಗಂಟು. ಅಂಗಡಿಯವರು ಬಾಟಲಿ ಮಾರಲೂ ಹೆದರುತ್ತಿದ್ದರು. ಆಸ್ಪತ್ರೆಗೆ ಸೇರಿಸೋಣವೆಂದರೆ, ರೋಗಿಯ ಜೊತೆ ಮನೆಯ ನೀರು ತನ್ನಿ ಎಂದು ಅಲ್ಲಿ ಬೋರ್ಡು ಹಾಕಿತ್ತು. ಮುದುಕ ಐದನೇ ದಿನ ತೀರಿಕೊಂಡ. ಗಂಟು ಬಿದ್ದ ಮನೆಯಲ್ಲಿ ಯಾರೋ ಸತ್ತರಂತೆ ಎಂದಷ್ಟೇ ಪಾಲಯ್ಯನಿಗೆ ಗೊತ್ತು. ಬೊಮ್ಮಕ್ಕನಿಗೆ ಹೆಸರೂ ಗೊತ್ತಿತ್ತು. ಆ ದಿನವೂ ಅಳಿಸುವ ಗುಂಡಿ ಬೆರಳಿನ ಕೆಳಗೇ ಇತ್ತು. ಈಗ ತನ್ನ ಮನೆಯದು ಎಂದು ಹೇಗೆ ಒತ್ತುವುದು?

ಅಲ್ಲದೆ ಒಂದು ಹುಚ್ಚು ನಂಬಿಕೆ. ಹೆತ್ತವ್ವನ ಮನೆಯ ಹೊಸ್ತಿಲಿಗೆ ಬಂದರೆ ಕಾಲಿಗೇ ಗೊತ್ತಾಗದೇ ಇರುತ್ತದೆಯೇ? ಅಣ್ಣ ನಿಲ್ಲುತ್ತಾನೆ ಎಂದುಕೊಂಡು ಅವಳು ಮನೆಗೆ ಓಡಿದಳು.

ಅವನು ನಿಲ್ಲಲಿಲ್ಲ. ಬಿಸಿಲಿನಲ್ಲಿ ದಪ್ ದಪ್ ಎಂದು ಬಂದ. ಸಿದ್ದಮ್ಮ ಪೊರಕೆ ಹಿಡಿದು ಅಡ್ಡ ನಿಂತಳು. "ಯಾರ ಮನೆ ಮಗನೋ ನೀನು? ಒಳಗೆ ಹಸಿ ಬಾಣಂತಿ ಐತೆ, ಕೂಸೈತೆ, ಕಣ್ಣು ಕಾಣಲ್ವೇನೋ!" ಎಂದು ಬೈದಳು. ಹೆತ್ತ ಮಗನನ್ನೇ ಬೈಯುತ್ತಿದ್ದೇನೆ ಎಂದು ಅವಳಿಗೆ ಗೊತ್ತಿಲ್ಲ, ಹೆತ್ತವಳೇ ಬೈಯುತ್ತಿದ್ದಾಳೆ ಎಂದು ಅವನಿಗೆ ಗೊತ್ತಿಲ್ಲ. ಬೊಮ್ಮಕ್ಕ "ಅಣ್ಣಾ" ಎಂದು ಕೂಗಿದಳು. ಅದೂ ಅವನ ಕಿವಿಗೆ ಇನ್ನೊಂದು ಸಪ್ಪೆ ದನಿ. ಎಲ್ಲ ಮನೆಯಲ್ಲೂ ಯಾರಾದರೊಬ್ಬರು ಅಣ್ಣಾ ಅನ್ನುತ್ತಲೇ ಇರುತ್ತಾರೆ. ಉಕ್ಕಿನ ಕೈ ಮುದುಕಿಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಿತು, ಪಟ್ಟಿ ಸುತ್ತಿ ಬಿಸಿ ಮುಟ್ಟಿಸಿತು. ಗಂಟು ಬಿಗಿಯಿತು.

ಒಳಗೆ ಬೊಮ್ಮಕ್ಕನ ಮಗಳು ಮಂಜರಿ ಕೂಸನ್ನು ಎದೆಗವಚಿಕೊಂಡು ಕೂತಿದ್ದಳು. ಮನೆಯಲ್ಲಿ ಉಳಿದದ್ದು ಒಂದೂವರೆ ಕೊಡ.

"ಹಿಂದೆ ಹಿಂಗಿರ್ಲಿಲ್ಲ ಕಣೇ," ಎಂದು ಸಿದ್ದಮ್ಮ ಕುಸಿದು ಕೂತಳು. "ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿರೋ ಬಾಣಂತಿ ಮನೆಗೆ ದಿನಾ ಎರಡು ಕೊಡ, ಸರದಿ ಗಿರದಿ ಇಲ್ಲ. ನಿಮ್ಮಪ್ಪನೇ ತೂಬಿನ ಹಲಗೆ ಅರ್ಧ ಬೆರಳು ಎತ್ತಿ, ತಾನೇ ಹೊತ್ತು ಹಾಕ್ತಿದ್ದ."

"ಅಣ್ಣಂಗೆ ಇದು ಗೊತ್ತೇನವ್ವಾ?"

"ಬಾಣಂತಿ ಕೋಣೆ ವಿಷ್ಯ ಗಂಡುಹುಡುಗ್ರಿಗೆ ಯಾರಾದ್ರೂ ಹೇಳ್ತಾರೇನೇ?"

ಸಂಜೆ ಬೊಮ್ಮಕ್ಕ ಗುಡ್ಡ ಹತ್ತಿದಳು. ಪಾಲಯ್ಯ ಅಂಗಿ ಕಳಚಿಟ್ಟು ಗಂಜಿ ಕುಡಿಯುತ್ತಿದ್ದ. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು: ಮನೆ, ಅವ್ವ, ಪೊರಕೆ, ಕೂಸು, ಅಪ್ಪನ ಎರಡು ಕೊಡ. ಅವನ ಮುಖ ಬಿಳಿಚಿತು. ಬಟ್ಟಲು ಕೆಳಗಿಟ್ಟ.

"ಹಂಗಾದ್ರೆ ಅಪ್ಪಂದೂ ತಪ್ಪೇ," ಎಂದ.

"ಲೋ ಅಣ್ಣಾ, ನಿನ್ನ ತಪ್ಪು ಒಪ್ಪು ಹಾಳಾಗ್ಲಿ! ಬಂದು ಗಂಟು ಮುರಿ. ಕೂಸು ಕಣೋ ಅದು."

"ಮುರಿಯೋಕೆ ಎಷ್ಟು ಹೊತ್ತು? ಒಂದು ನಿಮಿಷ." ಅವನು ಬಟ್ಟಲನ್ನು ದೂರ ತಳ್ಳಿದ. "ನಮ್ಮ ಮನೇದು ಅಂಬ್ತ ಇವತ್ತು ಮುರಿದ್ರೆ, ಅವತ್ತು ಆ ಮನೇಲಿ ಸತ್ತ ಜೀವಾನ ಯಾರು ಕೊಂದಂಗಾತು, ಹೇಳು. ನಿಯಮ ಕೊಲ್ತು ಅಂದ್ಕಂಡು ಎರಡು ತಿಂಗಳು ಅನ್ನ ತಿಂದೀನಿ. ಮುರಿದ್ರೆ ನಾನು ಕೊಂದೆ. ನೀನೂ ಕೊಂದೆ."

ಬೈಯಬೇಕೆಂದು ಬಂದ ಬೊಮ್ಮಕ್ಕನಿಗೆ ತಾನೂ ಅದೇ ಬೋನಿನೊಳಗೆ ಇದ್ದೇನೆ ಎಂದು ಗೊತ್ತಾಯಿತು. ಬರಿಗೈಯಲ್ಲಿ ಇಳಿದು ಬಂದಳು.

ಮೂರನೇ ದಿನ ಮಂಜರಿಯ ಹಾಲು ಹಿಂಗಿತು. ಕೂಸು ಅಳುವುದನ್ನು ಬಿಟ್ಟು ಸುಮ್ಮನೆ ಬಾಯಿ ತೆರೆದು ಮುಚ್ಚುತ್ತಿತ್ತು, ಮೈ ಬಿಸಿ. ಅಕ್ಕಪಕ್ಕದವರು ಕಿಟಕಿ ಹಾಕಿಕೊಂಡಿದ್ದರು. ಕೆಟ್ಟವರೆಂದಲ್ಲ, ಅವರವರ ಮನೆಯಲ್ಲೂ ಕೂಸುಗಳಿದ್ದವು. ಬೊಮ್ಮಕ್ಕನಿಗೆ ಊರಿನಲ್ಲಿ ಕೇಳಲು ಮುಖವಿಲ್ಲದ ಮನೆ ಒಂದೇ. ಅಲ್ಲಿಗೇ ಹೋದಳು.

ಹಾಲಮ್ಮ ರೊಟ್ಟಿ ತಟ್ಟುತ್ತಿದ್ದಳು. ಬೊಮ್ಮಕ್ಕ ಹೊಸ್ತಿಲಿನ ಹೊರಗೇ ನಿಂತು, ನೀರು ಕೇಳುವುದಕ್ಕೆ ಮೊದಲೇ ಹೇಳಿಬಿಟ್ಟಳು. "ನಿಮ್ಮನೆ ನಂಬರು ಕಳಿಸ್ದೋಳು ನಾನೇ ಹಾಲಕ್ಕ. ಅಳಿಸಬೋದಿತ್ತು. ಅಳಿಸ್ಲಿಲ್ಲ."

ಹಾಲಮ್ಮನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಎದ್ದಿತು. ಅವಳು ಎದ್ದು ಬಂದು ಬೊಮ್ಮಕ್ಕನ ಕೆನ್ನೆಗೆ ಫಟಾರನೆ ಒಂದು ಬಿಟ್ಟಳು. ಹಿಟ್ಟು ಕೆನ್ನೆಗೆ ಮೆತ್ತಿಕೊಂಡಿತು. ಆಮೇಲೆ ಕೇಳಿದಳು, "ಈಗ ಯಾಕೆ ಬಂದೆ?"

"ಮಗಳು ಬಾಣಂತಿ. ನಮ್ಮನೆಗೂ ಗಂಟು ಬಿದ್ದೈತೆ."

ಹಾಲಮ್ಮ ಒಳಗೆ ಹೋದಳು. ಹೊರಗೆ ಬಂದಾಗ ಅವಳ ಸೊಂಟದ ಮೇಲೆ ತುಂಬಿದ ಕೊಡವಿತ್ತು. "ಕೂಸಿಗೆ ಕೊಡ್ತಿರೋದು, ನಿನಗಲ್ಲ," ಎಂದು ಹೇಳಿ ನಡುಬೀದಿಯಲ್ಲೇ ನಡೆದಳು. ಓಣಿಯಲ್ಲಿ ಬಚ್ಚಿಟ್ಟುಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ನೋಡುವವರೆಲ್ಲ ನೋಡಲಿ ಎಂದು ನೀರು ತುಳುಕಿಸುತ್ತಲೇ ಹೋದಳು.

ನೋಡಿದವರಲ್ಲಿ ಯಾರೋ ಒಬ್ಬರು ಫೋನಿನಲ್ಲಿ ಮಂಡಳಿಯ ದೂರಿನ ಗುಂಡಿ ಒತ್ತಿದರು. ದೂರುಗಳೂ ಅದೇ ಪಟ್ಟಿಗೆ ಸೇರುತ್ತಿದ್ದವು. ಮರುದಿನ ಪಟ್ಟಿಯಲ್ಲಿ ಹಾಲಮ್ಮನ ನಂಬರು ಬಂತು. ಬೊಮ್ಮಕ್ಕ ಒಂದು ಕ್ಷಣವೂ ಯೋಚಿಸದೆ ಅಳಿಸಿದಳು. ಅಳಿಸಿದರೂ ಅದು ಮತ್ತೆ ಬಂತು: ಗುಂಡಿ ಒತ್ತಿದ ಪುಣ್ಯಾತ್ಮರು ಬಿಡಲೊಲ್ಲರು. ಮೂರು ಸಲ ಅಳಿಸಿದಳು, ನಾಲ್ಕನೆಯದರ ಹೊತ್ತಿಗೆ ಹನ್ನೆರಡು ಹೊಡೆಯಿತು.

ಅವಳು ಓಡಿ ಬಂದು ತಲುಪುವ ಹೊತ್ತಿಗೆ ಉಕ್ಕಿನ ಅಂಗಿ ಹಾಲಮ್ಮನ ಬಾಗಿಲಲ್ಲಿ ನಿಂತಿತ್ತು. ಅವತ್ತಿನ ಬಿಸಿಲು ನಲವತ್ತೈದು. ಹಾಲಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಒಳಗಿನಿಂದ ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ತಂದು ಅವನೆದುರು ಹಿಡಿದಳು. ಬಿಸಿಲಲ್ಲಿ ಬಂದವರು ಶತ್ರುವಾದರೂ ಸರಿ, ಮೊದಲು ಬೆಲ್ಲ ನೀರು, ಆಮೇಲೆ ಮಾತು. ಆ ಸೀಮೆಯ ಪದ್ಧತಿ ಅದು. ಬಾಗಿಲಲ್ಲಿ ಕೊಟ್ಟ ನೀರನ್ನು ಬೇಡ ಅಂದರೆ ಆ ಮನೆಗೆ ಕೇಡು ಬಯಸಿದ ಹಾಗೆ. ಪಾಲಯ್ಯನಿಗೆ ನಿಯಮ ಗೊತ್ತಾಗುವ ಮೊದಲೇ, ತೊದಲು ಮಾತಿನ ಕಾಲದಲ್ಲೇ ಕಲಿಸಿದ್ದು. ಈವರೆಗೆ ಗಂಟು ಹಾಕಿದ ಇನ್ನೂರು ಮನೆಯಲ್ಲಿ ಯಾರೂ ಅವನಿಗೆ ನೀರು ಕೊಟ್ಟಿರಲಿಲ್ಲ. ಅವನ ಕೈ ತಾನಾಗಿ ಹೆಲ್ಮೆಟ್ಟಿನ ಮುಂಭಾಗವನ್ನು ಮೇಲೆತ್ತಿತು. ಎರಡು ಗುಟುಕು ಕುಡಿದ. ಮೂರನೆಯದಕ್ಕೆ ಕಣ್ಣೆತ್ತಿ ನೋಡಿದ.

"ಪಾಲಣ್ಣಾ, ನೀನಾ?" ಎಂದಳು ಹಾಲಮ್ಮ, ಬಾಗಿಲೊಳಗಿನ ಮಂಚ ತೋರಿಸಿ. "ನಮ್ಮಪ್ಪ ಇದೇ ಮಂಚದ ಮೇಲೆ ಸತ್ತಿದ್ದು. ಐದನೇ ದಿನ. ನೀರು ಅಂದ. ನಾನು ಒದ್ದೆ ಬಟ್ಟೆ ತುಟಿಗಿಟ್ಟೆ."

ಪಾಲಯ್ಯ ಮಂಚ ನೋಡಿದ. ಹಾಲಮ್ಮನನ್ನು ನೋಡಿದ. ಹಿಂದೆ ನಿಂತ ತಂಗಿಯನ್ನು ನೋಡಿದ. ತುಟಿ ಅಲ್ಲಾಡಿತು. ಈಗ ಬಿಡುತ್ತಾನೆ, ಈಗ ಬಿಡುತ್ತಾನೆ ಎಂದು ಬೊಮ್ಮಕ್ಕ ಉಸಿರು ಹಿಡಿದಳು. ಅವನು ಹೆಲ್ಮೆಟ್ಟು ಇಳಿಸಿಕೊಂಡು, ಬಗ್ಗಿ, ವಾಲ್ವಿಗೆ ಪಟ್ಟಿ ಸುತ್ತಿ ಹೋದ.

ಆಗ ಬೊಮ್ಮಕ್ಕನಿಗೆ ಬಂದದ್ದು ಸಿಟ್ಟಲ್ಲ, ಅದಕ್ಕಿಂತ ತಣ್ಣಗಿನದು. ಕಂಟ್ರೋಲ್ ರೂಮಿಗೆ ವಾಪಸು ಬಂದು ಕೂತಳು. ಗಂಟು ಬೀಳಬೇಕಾದ ಮನೆಯಿಂದ ನೀರು ಪಡೆದವನಿಗೂ ಗಂಟು. ಅಣ್ಣನದೇ ನಿಯಮ. ಗುಡ್ಡದ ಟ್ಯಾಂಕಿನ ಕೆಳಗಿನ ಕೋಣೆಯ ನಂಬರನ್ನು ಹುಡುಕಿ ಮರುದಿನದ ಪಟ್ಟಿಗೆ ಸೇರಿಸಿದಳು. ಕಾರಣ: ಎರಡು ಗುಟುಕು.

ಮರುದಿನ ಹನ್ನೆರಡಕ್ಕೆ ಪರದೆಯಲ್ಲಿ ಅಂಗಿಯ ಹಸಿರು ಚುಕ್ಕಿ ಅದನ್ನು ಬಚ್ಚಿಡುವ ಗುಡ್ಡದ ಗೋದಾಮಿನಿಂದ ಹೊರಟಿತು. ಎಡಕ್ಕೆ, ಬಲಕ್ಕೆ, ಇಲ್ಲೇ. ಎಲ್ಲಿಗೆ ಹೋಗುತ್ತಿದ್ದೇನೆ ಎಂದು ತಿಳಿಯದೆ ಅವನು ತನ್ನ ಕೋಣೆಯ ಸುತ್ತ ಒಂದು ಬಳಸು ಬಂದು, ತನ್ನದೇ ವಾಲ್ವಿನ ಮುಂದೆ ಕೂತು, ತನ್ನದೇ ನೀರಿಗೆ ಗಂಟು ಹಾಕಿದ. ಚುಕ್ಕಿ ಮರಳಿ ಹೊರಡಲಿಲ್ಲ. ಹೆಲ್ಮೆಟ್ಟು ತೆಗೆದು ನೋಡಿರಬೇಕು. ಸಂಜೆಯವರೆಗೂ ಅಲ್ಲೇ ಇತ್ತು.

ಬೆಳಕು ಹರಿದಾಗ ಸಿದ್ದಮ್ಮನ ನಲ್ಲಿಯ ಪಟ್ಟಿ ಎರಡು ತುಂಡಾಗಿ ನೆಲದಲ್ಲಿ ಬಿದ್ದಿತ್ತು. ಹಾಲಮ್ಮನದೂ. ಊರಿನಲ್ಲಿ ಇದ್ದ ಹನ್ನೊಂದು ಗಂಟುಗಳೂ ಮುರಿದಿದ್ದವು. ಬೊಮ್ಮಕ್ಕ ಸರದಿ ನೋಡದೆ ಬಾಣಂತಿಯ ಬೀದಿಗೆ ನೀರು ಬಿಟ್ಟಳು. ಮಂಜರಿ ಎರಡು ಚೊಂಬು ಗಟಗಟ ಕುಡಿದಳು. ಮಧ್ಯಾಹ್ನದ ಹೊತ್ತಿಗೆ ಕೂಸು ಚೀರಿತು. ಆ ಚೀರಾಟ ಕೇಳಿ ಮನೆಮಂದಿಯೆಲ್ಲ ಅತ್ತರು.

ಹನ್ನೆರಡನೆಯ ಗಂಟೊಂದು ಮಾತ್ರ ಉಳಿದಿತ್ತು. ಪಾಲಯ್ಯನದು. ಅವನು ರಾತ್ರಿಯೇ ಉಳಿದವನ್ನೆಲ್ಲ ಮುರಿದು ಬಂದು, ಅಂಗಿಯನ್ನು ಕಲ್ಲಿನಿಂದ ಜಜ್ಜಿ ಹಾಳು ಮಾಡಿ, ಕೋಣೆಯ ಗೋಡೆಗೊರಗಿ ಕೂತುಬಿಟ್ಟಿದ್ದ. ಇನ್ನು ಆ ಗಂಟನ್ನು ಮುರಿಯುವ ಕೈ ಊರಿನಲ್ಲಿ ಇರಲಿಲ್ಲ. ತಲೆಯ ಮೇಲೆ ಊರಿನ ನೀರೆಲ್ಲ ತುಂಬಿದ ಟ್ಯಾಂಕು, ಕೆಳಗೆ ಬತ್ತಿದ ಬಾಯಿ.

ಸಿದ್ದಮ್ಮನಿಗೆ ನಿಜ ತಿಳಿದದ್ದು ಆಗ. ಮೊದಲು ಎದೆ ಬಡಿದುಕೊಂಡಳು, ಆಮೇಲೆ ಕೊಡ ಎತ್ತಿದಳು. ಎಪ್ಪತ್ತಾರರ ಮುದುಕಿ ದಿನಾ ಗುಡ್ಡ ಹತ್ತುವುದು, ಅವನು ಹಲ್ಲು ಕಚ್ಚಿ ಮುಖ ತಿರುಗಿಸುವುದು, ಅವಳು ತುಂಬಿದ ಕೊಡ ಹೊತ್ತು ಇಳಿಯುವುದು. ನಾಲ್ಕು ದಿನ ಹೀಗೇ ನಡೆಯಿತು.

"ಏಳು ದಿನ ಅಂಬ್ತಲ್ಲ ನಿನ್ನ ನಿಯಮ? ಅಷ್ಟು ದಿನ ಬದುಕಿರ್ತೀಯೇನೋ?" ಎಂದು ಬೊಮ್ಮಕ್ಕ ಗೋಗರೆದಳು.

"ಏಳು ದಿನ ಸರದಿ ಮುರಿದೋರಿಗೆ," ಎಂದ ಅವನು. ನಾಲಿಗೆ ದಪ್ಪಗಾಗಿ ಮಾತು ತೊದಲುತ್ತಿತ್ತು. "ನನಗೆ ಎಷ್ಟು ದಿನ ಅಂಬ್ತ... ಹಾಲಮ್ಮನ್ನ ಕೇಳು."

ಐದನೇ ದಿನ ಬೆಳಿಗ್ಗೆ ಬೊಮ್ಮಕ್ಕ ಕೇಳಿದಳು. ಹಾಲಮ್ಮ ರೊಟ್ಟಿಯ ಹಿಟ್ಟಿನ ಕೈ ತೊಳೆದು, ಬೊಮ್ಮಕ್ಕನ ಹಿಂದೆಯೇ ಗುಡ್ಡ ಹತ್ತಿದಳು. ಸಿದ್ದಮ್ಮ ಆಗಲೇ ಅಲ್ಲಿದ್ದಳು. ಮಗನ ತುಟಿ ಒಡೆದು ಚೊಂಬು ತಾಗಿದರೆ ರಕ್ತ ಬರುತ್ತಿದ್ದುದರಿಂದ, ಕೂಸಿಗೆ ಹಾಲು ಹಾಕುವ ಒಳಲೆ ತಂದಿದ್ದಳು. ಅವನು ಅದಕ್ಕೂ ಬಾಯಿ ಬಿಟ್ಟಿರಲಿಲ್ಲ.

ಹಾಲಮ್ಮ ಅವನೆದುರು ಕುಕ್ಕರುಗಾಲಲ್ಲಿ ಕೂತಳು. ಮುಖವನ್ನು ಸರಿಯಾಗಿ ನೋಡಿದಳು.

"ಎಷ್ಟು ದಿನ ಅಂಬ್ತ ಕೇಳಿದ್ಯಂತೆ," ಎಂದಳು. "ಐದು ದಿನಕ್ಕೆ ಸತ್ತು ತಪ್ಪಿಸ್ಕಂತೀಯಾ? ಭಾರೀ ಸಸ್ತಾ ಆತಲ್ಲಪ್ಪ! ನಾನು ದಿನಾ ಬೆಳಿಗ್ಗೆ ಎದ್ದು ಆ ಖಾಲಿ ಮಂಚ ನೋಡಿ ಯಾರಿಗೆ ಶಾಪ ಹಾಕ್ಲಿ? ನೀನು ಬದುಕ್ಬೇಕು. ದಿನಾ ಬಂದು ನಮ್ಮ ಬಾಗಿಲಾಗೆ ನಿಂತು ನನ್ನ ಕೈಲಿ ಬೈಸ್ಕಬೇಕು. ನಾನು ಸಾಯೋಗಂಟ. ಅದು ನಿನಗೆ ಹಾಕಿರೋ ಗಂಟು. ಬಾಯಿ ಬಿಡು."

ಪಾಲಯ್ಯ ಅವಳನ್ನು ನೋಡಿದ. ಇದಕ್ಕಿಂತ ಸಾವು ಮೇಲು ಎಂದು ಅವನ ಕಣ್ಣು ಬೇಡಿಕೊಳ್ಳುತ್ತಿತ್ತು, ಬೊಮ್ಮಕ್ಕನಿಗೆ ಅದು ಕಂಡಿತು. ಹಾಲಮ್ಮನಿಗೂ ಕಂಡಿತು. ಅವಳು ಸಿದ್ದಮ್ಮನ ಕೈಯಿಂದ ಒಳಲೆ ತೆಗೆದುಕೊಂಡು ಅವನ ತುಟಿಗೆ ಹಿಡಿದಳು.

ಅವನು ಬಾಯಿ ತೆರೆದ.